ಒಣನೆಲದ ಬೇಟೆಹಕ್ಕಿಗಳು: ಹೆಸರು, ಬಲೆ ಮತ್ತು ನೆಲದ ತಿಳಿವಳಿಕೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ರಾಜಾಜಿನಗರ, ಬಸವೇಶ್ವರನಗರಗಳನ್ನು ದಾಟಿ ಮಾಗಡಿ ರಸ್ತೆ ಹಾಗೂ ನಾಗರಭಾವಿಗಳ ಆಸುಪಾಸಿಗೆ ಬಂದರೆ ‘ಶ್ರೀಗಂಧದ ಕಾವಲ್’ ಎಂಬ ಹೆಸರು ಎದುರಾಗುತ್ತದೆ. ಇಂದು ಅಲ್ಲಿ ಇರುವುದು ಮನೆ, ಅಂಗಡಿ, ಸಣ್ಣ ಕಾರ್ಖಾನೆಗಳ ಒತ್ತು ಸಾಲು. ನಗರದ ಉತ್ತರಕ್ಕೆ ಯಲಹಂಕದ ಕಡೆ ‘ಜಾರಕಬಂಡೆ ಕಾವಲ್’ ಇದೆ. ‘ಕಾವಲು’ ಎಂದರೆ ಕಾಯ್ದಿರಿಸಿದ ನೆಲ. ದನಕರುಗಳ ಮೇವಿಗಾಗಿ, ಕೆಲವೆಡೆ ಮರಮಟ್ಟುಗಳಿಗಾಗಿ ಉಳುಮೆಗೆ ಕೊಡದೆ ಬಿಟ್ಟ ಬಯಲು. ಊರು ಬೆಳೆದು ನೆಲದ ಸ್ವರೂಪ ಬದಲಾದ ಮೇಲೂ ಹೆಸರು ಉಳಿದಿದೆ. ಆದರೆ ಅಂಥ ಬಯಲಿನಲ್ಲಿ ಬದುಕುವ ಹಕ್ಕಿಗಳ ಹೆಸರುಗಳಿಗೆ ಈ ಭಾಗ್ಯವಿಲ್ಲ. ಗೌಜಲ, ಲಾವುಗೆ, ಬುರ್ಲಿ, ಎರೆಭೂತ ಮೊದಲಾದ ಮಾತುಗಳು ನಗರದ ಹೊಸ ತಲೆಮಾರಿನ ಕನ್ನಡದಿಂದ ಬಹುಮಟ್ಟಿಗೆ ಜಾರಿಹೋಗಿವೆ.

ಮರುಭೂಮಿ ಹಾಗೂ ಅರೆಮರುಭೂಮಿಗಳಲ್ಲಿ ಬಾಳುವ, ಮನುಷ್ಯನು ಆಹಾರಕ್ಕಾಗಿಯೂ ವಿನೋದಕ್ಕಾಗಿಯೂ ಬೇಟೆಯಾಡಿದ ಹಕ್ಕಿಗಳ ಒಂದು ದೊಡ್ಡ ಬಳಗವೇ ಇದೆ. ಈ ಬಳಗದ ಹಲವು ಹಕ್ಕಿಗಳ ನೆಲೆ ಕರ್ನಾಟಕದ ಬಯಲುಸೀಮೆಯವರೆಗೂ ಚಾಚಿಕೊಂಡಿದೆ. ಈ ಹಕ್ಕಿಗಳ ನಡವಳಿಕೆಯನ್ನು ಕುರಿತ ಜನಪದ ತಿಳಿವಳಿಕೆ ಎಲ್ಲಿ ಅಡಗಿದೆ, ಅದರ ಸ್ವರೂಪವೇನು, ಅದರ ಮಿತಿಗಳೇನು, ಅದು ಏಕೆ ಅಳಿಯುತ್ತಿದೆ ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಹಾಡು, ಕಥೆ, ಗಾದೆಗಳಷ್ಟೇ ಜಾನಪದವಲ್ಲ. ಹೆಸರು ಮತ್ತು ಬಲೆ ಕೂಡ ಜಾನಪದದ ಪಠ್ಯಗಳೇ. ಒಣನೆಲದ ಹಕ್ಕಿಗಳ ಮಟ್ಟಿಗಂತೂ ಅತ್ಯಂತ ನಿಖರವಾದ ತಿಳಿವಳಿಕೆ ಇರುವುದು ಈ ಎರಡರಲ್ಲಿಯೇ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

೧. ನೆಲ ಮತ್ತು ಹಕ್ಕಿ

ಕರ್ನಾಟಕದಲ್ಲಿ ಥಾರ್‌ನಂತಹ ಮರಳುಗಾಡಿಲ್ಲ. ಆದರೆ ಬಳ್ಳಾರಿ, ಚಿತ್ರದುರ್ಗದ ಪೂರ್ವಭಾಗ, ರಾಯಚೂರು, ಕೊಪ್ಪಳ, ಗದಗ, ವಿಜಯಪುರ ಮೊದಲಾದ ಪ್ರದೇಶಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಬಹುತೇಕ ಐದುನೂರರಿಂದ ಆರುನೂರು ಮಿಲಿಮೀಟರುಗಳ ಆಸುಪಾಸಿನದು. ದೇಶದಲ್ಲಿ ರಾಜಸ್ಥಾನದ ನಂತರ ಅತಿ ಹೆಚ್ಚು ಬರಪೀಡಿತ ಪ್ರದೇಶವಿರುವ ರಾಜ್ಯವೆಂದು ಕರ್ನಾಟಕವನ್ನು ಗುರುತಿಸಲಾಗಿದೆ. ಎರೆನೆಲದ ಬಟ್ಟಬಯಲು, ಮಸಾರಿ ನೆಲದ ಕುರುಚಲು, ಕಲ್ಲುಗುಡ್ಡಗಳ ಜಾಲಿ, ಕಾರೆ, ಬೋರೆಯ ಪೊದೆಗಳು ಇಲ್ಲಿಯ ಸಹಜ ದೃಶ್ಯ. ಸಾಹಿತ್ಯದಲ್ಲಿ ಮಲೆನಾಡಿನ ನವಿಲು, ಕಾಡುಕೋಳಿಗಳಿಗೆ ದೊರೆತಷ್ಟು ಸ್ಥಾನ ಈ ಬಯಲಿನ ಹಕ್ಕಿಗಳಿಗೆ ದೊರೆತಿಲ್ಲ.

ಈ ಹಕ್ಕಿಗಳನ್ನು ಅಧ್ಯಯನದ ಅನುಕೂಲಕ್ಕಾಗಿ ನಾಲ್ಕು ಗುಂಪುಗಳಾಗಿ ವಿಂಗಡಿಸಬಹುದು. ಮೊದಲನೆಯದು ಗೌಜಲ. ಇದರ ನೆಲೆ ಇರಾನಿನ ದಕ್ಷಿಣ ಭಾಗದಿಂದ ಭಾರತದ ಬಯಲುಗಳ ಮೂಲಕ ಶ್ರೀಲಂಕಾದ ಉತ್ತರ ಭಾಗದವರೆಗೆ ಹಬ್ಬಿದೆ. ಎರಡನೆಯದು ಲಾವುಗೆ ಹಾಗೂ ಬುರ್ಲಿಗಳ ಗುಂಪು. ಮೂರನೆಯದು ಇಂಗ್ಲಿಷಿನಲ್ಲಿ ‘ಸ್ಯಾಂಡ್‌ಗ್ರೌಸ್’ ಎಂದು ಕರೆಯುವ, ಪಾರಿವಾಳದ ಮೈಕಟ್ಟಿನ, ಮರಳು ಬಣ್ಣದ ಹಕ್ಕಿಗಳು. ಇವುಗಳಲ್ಲಿ ಕಂದು ಹೊಟ್ಟೆಯ ಜಾತಿಯು ಆಫ್ರಿಕಾದ ಸಹಾರಾ ಅಂಚಿನಿಂದ ಅರೇಬಿಯಾದ ಮೂಲಕ ದಖ್ಖನ್ನಿನವರೆಗೂ ಕಾಣಸಿಗುತ್ತದೆ. ಚಿತ್ತಾರದ ಮೈಯ ಮತ್ತೊಂದು ಜಾತಿ ಮುಖ್ಯವಾಗಿ ಭಾರತದ ಕಲ್ಲುಗುಡ್ಡಗಳ ಕುರುಚಲಿಗೆ ಸೇರಿದ್ದು. ನಾಲ್ಕನೆಯದು ಎರೆಭೂತ. ಆಳೆದೆಯೆತ್ತರ ನಿಲ್ಲುವ, ಗಂಡು ಹದಿನೈದು ಕಿಲೋಗ್ರಾಮಿನವರೆಗೂ ತೂಗಬಲ್ಲ ಈ ಹಕ್ಕಿ ಹಾರಬಲ್ಲ ಹಕ್ಕಿಗಳಲ್ಲಿಯೇ ಅತಿ ಭಾರವಾದವುಗಳ ಸಾಲಿಗೆ ಸೇರುತ್ತದೆ.

ಕುಲದಲ್ಲಿ ಬೇರೆಬೇರೆಯಾದರೂ ಈ ನಾಲ್ಕು ಗುಂಪುಗಳ ನಡವಳಿಕೆಯಲ್ಲಿ ಕೆಲವು ಸಮಾನ ಅಂಶಗಳಿವೆ. ಇವೆಲ್ಲವೂ ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಗೂಡೆಂದರೆ ಹುಲ್ಲಿನ ನಡುವೆ ಕೆದರಿದ ಒಂದು ತಗ್ಗು ಮಾತ್ರ. ಮರಿಗಳು ಮೊಟ್ಟೆಯೊಡೆದು ಬಂದ ಕೆಲವೇ ಗಂಟೆಗಳಲ್ಲಿ ನಡೆದಾಡತೊಡಗುತ್ತವೆ. ಮೈಬಣ್ಣ ಒಣಹುಲ್ಲು, ಮಣ್ಣು, ಕಲ್ಲುಗಳೊಡನೆ ಬೆರೆತುಹೋಗುತ್ತದೆ. ಅಪಾಯ ಎದುರಾದಾಗ ಇವು ಮೊದಲು ಅಲುಗದೆ ಕೂರುತ್ತವೆ ಅಥವಾ ಓಡುತ್ತವೆ. ಹಾರುವುದು ಕೊನೆಯ ಉಪಾಯ. ಬೇಟೆಗಾರನ ತಿಳಿವಳಿಕೆ ಕಟ್ಟಿಕೊಂಡಿರುವುದು ಈ ಅಂಶಗಳ ಮೇಲೆಯೇ.

೨. ಹೆಸರುಗಳ ಸಾಕ್ಷ್ಯ

ಜನಪದರು ಹಕ್ಕಿಗೆ ಹೆಸರಿಡುವಾಗ ಅದರ ಬಣ್ಣ, ಕೂಗು, ನಡೆ, ನೆಲೆ ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದು ಅವರ ಲೋಕದೃಷ್ಟಿಯನ್ನು ತೋರಿಸುತ್ತದೆ. ‘ಗೌಜಲ’ ಎಂಬ ಹೆಸರನ್ನು ‘ಗೌಜು’ ಎಂಬ ಪದದೊಡನೆ ಜೋಡಿಸುವುದು ಸುಲಭ. ಗೌಜು ಎಂದರೆ ಗದ್ದಲ. ಮುಂಜಾವಿನಲ್ಲಿಯೂ ಸಂಜೆಯಲ್ಲಿಯೂ ಒಂದು ಹಕ್ಕಿ ಕೂಗಿದರೆ ಬಯಲಿನ ನಾಲ್ಕು ಮೂಲೆಗಳಿಂದ ಮರುಕೂಗು ಬರುವ ಅದರ ಸ್ವಭಾವಕ್ಕೆ ಈ ವಿವರಣೆ ಒಪ್ಪುವಂತಿದೆ. ಆದರೆ ಇದನ್ನು ಜನಪದ ನಿರುಕ್ತಿಯೆಂದು ಪರಿಗಣಿಸುವುದು ಸೂಕ್ತ. ಕನ್ನಡದ ‘ಕವುಜುಗ’, ತೆಲುಗಿನ ‘ಕೌಜು’, ತಮಿಳಿನ ‘ಕೌದಾರಿ’ ಎಂಬ ರೂಪಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಇದು ದ್ರಾವಿಡ ಭಾಷೆಗಳಿಗೆ ಸಮಾನವಾದ ಹಳೆಯ ಹೆಸರೆಂಬುದು ಸ್ಪಷ್ಟವಾಗುತ್ತದೆ. ಜನಪದ ನಿರುಕ್ತಿ ಭಾಷಾಶಾಸ್ತ್ರದ ದೃಷ್ಟಿಯಿಂದ ತಪ್ಪಾಗಿರಬಹುದು. ಆದರೆ ಹಕ್ಕಿಯ ಯಾವ ಗುಣ ಕೇಳುಗರ ಮನಸ್ಸಿನಲ್ಲಿ ನಿಂತಿದೆ ಎಂಬುದಕ್ಕೆ ಅದು ಸರಿಯಾದ ಸಾಕ್ಷಿ.

‘ಲಾವುಗೆ’ ಸಂಸ್ಕೃತದ ‘ಲಾವಕ’ದಿಂದ ಬಂದದ್ದು. ಆಡುಮಾತಿನಲ್ಲಿ ಅದು ‘ಲಾವಕ್ಕಿ’ಯಾಗಿದೆ. ಗೌಜಲದ ಸಂಸ್ಕೃತ ಹೆಸರು ‘ತಿತ್ತಿರಿ’. ಯಾಜ್ಞವಲ್ಕ್ಯನು ಗುರುವಿನ ಆಜ್ಞೆಯಂತೆ ಕಕ್ಕಿದ ವೇದವನ್ನು ಉಳಿದ ಶಿಷ್ಯರು ತಿತ್ತಿರಿ ಹಕ್ಕಿಗಳಾಗಿ ಹೆಕ್ಕಿಕೊಂಡರೆಂಬ ಪುರಾಣಕಥೆ ತೈತ್ತಿರೀಯ ಶಾಖೆಯ ಹೆಸರಿಗೆ ವಿವರಣೆಯಾಗಿ ಪ್ರಚಲಿತವಾಗಿದೆ. ನೆಲವನ್ನು ಕೆದರಿ ಕಾಳು, ಗೆದ್ದಲುಗಳನ್ನು ಒಂದೊಂದಾಗಿ ಹೆಕ್ಕುವ ಹಕ್ಕಿಯ ನಡವಳಿಕೆಯನ್ನು ಕಂಡವರಿಗೆ ಮಾತ್ರ ಹೊಳೆಯಬಹುದಾದ ಕಥೆ ಇದು.

ಹೆಸರುಗಳ ಪೈಕಿ ಅತ್ಯಂತ ಅರ್ಥಪೂರ್ಣವಾದದ್ದು ‘ಎರೆಭೂತ’. ‘ಎರ್ಲಡ್ಡು’, ‘ದೊರವಾಯನ ಹಕ್ಕಿ’ ಎಂಬ ಹೆಸರುಗಳೂ ಇದಕ್ಕುಂಟು. ಎರೆ ಎಂದರೆ ಹತ್ತಿ, ಜೋಳ ಬೆಳೆಯುವ ಕಪ್ಪು ನೆಲ. ಅದೇ ಹಕ್ಕಿಗೆ ಮರಾಠಿಯಲ್ಲಿ ‘ಮಾಳಢೋಕ’ ಎಂದು ಹೆಸರು. ಅಲ್ಲಿಯ ‘ಮಾಳ’ ಎಂದರೆ ಎತ್ತರದ ಬಟ್ಟಬಯಲು. ತೆಲುಗಿನ ‘ಬಟ್ಟಮೇಕ’ದಲ್ಲಿ ಮೇಕೆ ಇದೆ. ಕನ್ನಡ ಮತ್ತು ಮರಾಠಿಗಳು ಹಕ್ಕಿಯನ್ನು ಅದು ನಿಲ್ಲುವ ನೆಲದಿಂದ ಗುರುತಿಸಿದರೆ ತೆಲುಗು ಪ್ರಾಣಿಯೊಂದರ ಹೋಲಿಕೆಯಿಂದ ಗುರುತಿಸಿದೆ. ‘ಭೂತ’ ಎಂಬ ಉತ್ತರಪದವನ್ನು ಎರಡು ಬಗೆಯಲ್ಲಿ ಅರ್ಥೈಸಬಹುದು. ತೆರೆದ ಬಯಲಿನಲ್ಲಿ ಕಣ್ಣೆದುರೇ ನಿಂತ ಅಷ್ಟು ದೊಡ್ಡ ಹಕ್ಕಿ ಮರುಕ್ಷಣದಲ್ಲಿ ಹುಲ್ಲಿನೊಳಗೆ ಕಾಣದಾಗುವುದು ಒಂದು. ಕೂಡುವ ಕಾಲದಲ್ಲಿ ಗಂಡು ತನ್ನ ಕತ್ತಿನ ಚೀಲವನ್ನು ಉಬ್ಬಿಸಿ ಹೊರಡಿಸುವ ಗಂಭೀರವಾದ ಹೂಂಕಾರ, ಮಬ್ಬು ಬೆಳಕಿನಲ್ಲಿ ಮೂಲ ತಿಳಿಯದಂತೆ ದೂರದವರೆಗೂ ಕೇಳಿಬರುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಆ ಹೆಸರು ಹಕ್ಕಿಯ ನೆಲೆಯನ್ನೂ ನಡವಳಿಕೆಯನ್ನೂ ಒಂದೇ ಪದದಲ್ಲಿ ಹೇಳುತ್ತದೆ. ಎರೆ ಇಲ್ಲವಾದರೆ ಭೂತವೂ ಇಲ್ಲ ಎಂಬ ಅರ್ಥ ಅದರಲ್ಲಿ ಅಡಕವಾಗಿದೆ.

೩. ಬಲೆ, ಉರುಳು, ದೀವ

ಹಕ್ಕಿ ಹಿಡಿಯುವುದನ್ನು ಕುಲವೃತ್ತಿಯಾಗಿ ಮಾಡಿಕೊಂಡಿದ್ದ ಸಮುದಾಯಗಳಲ್ಲಿ ಹಕ್ಕಿಪಿಕ್ಕಿಗಳು, ಹರಣಶಿಕಾರಿಗಳು ಹಾಗೂ ಪಾರ್ಧಿಗಳು ಮುಖ್ಯರು. ಹಕ್ಕಿಪಿಕ್ಕಿ ಎಂಬುದು ಇತರರು ಕರೆದ ಹೆಸರು. ಅವರು ಆಡುವ ಭಾಷೆ ‘ವಾಗ್ರಿ’. ಇದು ಗುಜರಾತಿ, ರಾಜಸ್ಥಾನಿ ಭಾಷೆಗಳಿಗೆ ಹತ್ತಿರವಾದ ಆರ್ಯಭಾಷೆ. ಸಂಸ್ಕೃತದಲ್ಲಿ ‘ವಾಗುರಾ’ ಎಂದರೆ ಬಲೆ. ಈ ಹೆಸರು ಅದರಿಂದಲೇ ಬಂದಿತೆಂಬುದು ಒಂದು ವಿವರಣೆ. ‘ಫಾಸೆ ಪಾರ್ಧಿ’ ಎಂಬಲ್ಲಿಯ ಫಾಸೆ ಎಂದರೆ ಉರುಳು. ‘ಹರಣಶಿಕಾರಿ’ಯಲ್ಲಿ ಹರಣ, ‘ಚಿಗರಿಬೇಟೆಗಾರ’ದಲ್ಲಿ ಚಿಗರಿ ಇದೆ. ಹೀಗೆ ಈ ಸಮುದಾಯಗಳ ಹೆಸರುಗಳು ಒಂದೋ ಬೇಟೆಯ ಪ್ರಾಣಿಯಿಂದ ಇಲ್ಲವೇ ಬೇಟೆಯ ಉಪಕರಣದಿಂದ ಬಂದಿವೆ. ಪಶ್ಚಿಮದ ಒಣನೆಲದಿಂದ ದಖ್ಖನ್ನಿನ ಒಣನೆಲಕ್ಕೆ ಬಂದ ಈ ಜನರಿಗೆ ಇಲ್ಲಿಯ ಹಕ್ಕಿಗಳು ಅಪರಿಚಿತವಾಗಿರಲಿಲ್ಲ ಎಂಬುದು ಗಮನಾರ್ಹ. ಗೌಜಲ, ಲಾವುಗೆ, ಸ್ಯಾಂಡ್‌ಗ್ರೌಸ್‌ಗಳೆಲ್ಲವೂ ಎರಡೂ ನೆಲಗಳಿಗೆ ಸೇರಿದವು.

ಬೇಟೆಯ ಉಪಾಯಗಳಲ್ಲಿ ದೀವದ ಬಳಕೆ ವಿಶೇಷವಾದದ್ದು. ಕಾಡಿನ ಪ್ರಾಣಿಯನ್ನೋ ಹಕ್ಕಿಯನ್ನೋ ಸೆಳೆಯಲು ಪಳಗಿಸಿ ಇಟ್ಟುಕೊಂಡ ಅದೇ ಜಾತಿಯ ಪ್ರಾಣಿ ಅಥವಾ ಹಕ್ಕಿಯೇ ದೀವ. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳಲ್ಲಿ ಈ ಪದ ಪರಿಚಿತ. ಗೌಜಲದ ಬೇಟೆಯಲ್ಲಿ ಪಳಗಿಸಿದ ಗಂಡನ್ನು ಪಂಜರದಲ್ಲಿಟ್ಟು, ಸುತ್ತಲೂ ಉರುಳುಗಳನ್ನು ಹೂಡುತ್ತಾರೆ. ದೀವದ ಹಕ್ಕಿ ಕೂಗಿದಾಗ ಆ ಎಲ್ಲೆಯನ್ನು ತನ್ನದೆಂದು ಕಾಯ್ದುಕೊಂಡಿರುವ ಕಾಡಿನ ಗಂಡು ಸವಾಲಿಗೆ ಉತ್ತರವಾಗಿ ಓಡಿಬರುತ್ತದೆ. ಅದು ಹಾರಿ ಬರುವುದಿಲ್ಲ, ಓಡಿ ಬರುತ್ತದೆ ಎಂಬುದು ಇಲ್ಲಿಯ ಮುಖ್ಯ ಅಂಶ. ಆದ್ದರಿಂದಲೇ ಉರುಳನ್ನು ನೆಲಮಟ್ಟದಲ್ಲಿ, ಹಕ್ಕಿಯ ಕಾಲಿಗೋ ಕತ್ತಿಗೋ ತಾಗುವ ಎತ್ತರದಲ್ಲಿ ಕಟ್ಟಲಾಗುತ್ತದೆ.

ಇದೇ ಪಂಜರ ಇನ್ನೊಂದು ಹಕ್ಕಿಯ ಬೇಟೆಯಲ್ಲಿ ತಿರುವುಮುರುವಾಗುತ್ತದೆ. ಲಾವುಗೆಯನ್ನೇ ಹೋಲುವ, ಆದರೆ ಹಿಂಬೆರಳಿಲ್ಲದೆ ಕಾಲಿಗೆ ಮೂರೇ ಬೆರಳುಗಳಿರುವ ‘ಬಟನ್‌ಕ್ವೇಲ್’ ಎಂಬ ಹಕ್ಕಿಯಿದೆ. ಇದು ಕುಲದಿಂದ ಲಾವುಗೆಯಲ್ಲ. ನೀರಂಚಿನ ಹಕ್ಕಿಗಳಿಗೆ ಹತ್ತಿರದ್ದು. ಇದರಲ್ಲಿ ಹೆಣ್ಣೇ ದೊಡ್ಡದು, ಹೆಣ್ಣೇ ಬಣ್ಣದ್ದು, ಎಲ್ಲೆಗಾಗಿ ಕೂಗುವುದೂ ಕಾದಾಡುವುದೂ ಹೆಣ್ಣೇ. ಮೊಟ್ಟೆಗೆ ಕಾವು ಕೊಟ್ಟು ಮರಿಗಳನ್ನು ನಡೆಸಿಕೊಂಡು ಹೋಗುವುದು ಗಂಡಿನ ಕೆಲಸ. ಹೆಣ್ಣು ಒಂದು ಗಂಡಿಗೆ ಮೊಟ್ಟೆಗಳನ್ನು ಒಪ್ಪಿಸಿ ಇನ್ನೊಂದು ಗಂಡನ್ನು ಅರಸಿ ಹೊರಡುತ್ತದೆ. ದಕ್ಷಿಣ ಭಾರತದ ಹಕ್ಕಿಹಿಡುಕರು ಈ ಹಕ್ಕಿಯನ್ನು ಹಿಡಿಯಲು ಪಂಜರದಲ್ಲಿ ಹೆಣ್ಣನ್ನೇ ದೀವವಾಗಿ ಇಡುತ್ತಿದ್ದರು, ಸಿಕ್ಕಿಬೀಳುತ್ತಿದ್ದವೂ ಹೆಣ್ಣುಗಳೇ ಎಂಬುದನ್ನು ಟಿ. ಸಿ. ಜರ್ಡನ್ ೧೮೬೨-೬೪ರಲ್ಲಿ ಪ್ರಕಟವಾದ ತನ್ನ ‘ಬರ್ಡ್ಸ್ ಆಫ್ ಇಂಡಿಯಾ’ ಗ್ರಂಥದಲ್ಲಿ ದಾಖಲಿಸಿದ್ದಾನೆ. ಇದರ ಅರ್ಥವೇನು? ಬೇಟೆಗಾರರು ಎರಡು ಹಕ್ಕಿಗಳ ಸಂಸಾರಕ್ರಮದಲ್ಲಿರುವ ವ್ಯತ್ಯಾಸವನ್ನು ಅರಿತಿದ್ದರು. ಆ ಅರಿವನ್ನು ಅವರು ಗ್ರಂಥದಲ್ಲಿ ಬರೆಯಲಿಲ್ಲ. ಪಂಜರದೊಳಗೆ ಗಂಡನ್ನು ಇಡಬೇಕೋ ಹೆಣ್ಣನ್ನು ಇಡಬೇಕೋ ಎಂಬ ಆಯ್ಕೆಯಲ್ಲಿ ಕಾಯ್ದುಕೊಂಡರು. ಬಲೆಯನ್ನು ಪಠ್ಯವೆಂದು ಓದಬೇಕೆನ್ನುವುದು ಈ ಕಾರಣಕ್ಕೆ.

ಬುರ್ಲಿಗಳ ನಡವಳಿಕೆ ಬೇರೆ ಬಗೆಯದು. ಇವು ಹತ್ತಾರು ಒಟ್ಟಾಗಿ ತಿರುಗುತ್ತವೆ. ರಾತ್ರಿ ನೆಲದ ಮೇಲೆ ಒಂದಕ್ಕೊಂದು ಒತ್ತಿಕೊಂಡು, ತಲೆಗಳನ್ನು ಹೊರಮುಖ ಮಾಡಿ ದುಂಡಗೆ ಕೂರುತ್ತವೆ. ಕಾಲಿಗೆ ತಾಗುವಷ್ಟು ಸಮೀಪ ಬಂದಾಗ ಒಮ್ಮೆಲೇ ಎಲ್ಲ ದಿಕ್ಕುಗಳಿಗೂ ಸಿಡಿದು ಹಾರುತ್ತವೆ. ಸ್ವಲ್ಪ ಹೊತ್ತಿನ ಬಳಿಕ ಒಂದನ್ನೊಂದು ಕೂಗಿ ಕರೆದು ಮತ್ತೆ ಕೂಡಿಕೊಳ್ಳುತ್ತವೆ. ಒಂಟಿ ಹಕ್ಕಿಯ ಎಲ್ಲೆಯ ಹಟವನ್ನು ಬಳಸಿಕೊಳ್ಳುವ ದೀವದ ಪಂಜರ ಒಂದು ಉಪಾಯವಾದರೆ, ಗುಂಪಿನ ಈ ಕೂಡಾವಳಿಯನ್ನು ಗುರಿಯಾಗಿಸುವ ಹಾಸುಬಲೆ ಇನ್ನೊಂದು. ಗೌಜಲವಾದರೋ ರಾತ್ರಿ ನೆಲವನ್ನು ಬಿಟ್ಟು ಜಾಲಿಯಂಥ ಮುಳ್ಳುಮರವನ್ನು ಸೇರುತ್ತದೆ. ಹಗಲಿನ ಹಕ್ಕಿಯೂ ರಾತ್ರಿಯ ಹಕ್ಕಿಯೂ ಬೇರೆ ಎನ್ನುವಷ್ಟು ವ್ಯತ್ಯಾಸವಿರುವ ಈ ನಡವಳಿಕೆ ಗೊತ್ತಿಲ್ಲದವರಿಗೆ ಬಯಲು ಬರಿದಾಗಿಯೇ ಕಾಣುತ್ತದೆ.

ದೀವದ ಹಕ್ಕಿಯ ಪ್ರಶ್ನೆ ನೈತಿಕ ಪ್ರಶ್ನೆಯಾಗಿಯೂ ನಮ್ಮ ಪರಂಪರೆಯಲ್ಲಿ ಬಂದಿದೆ. ಬೌದ್ಧ ಜಾತಕಗಳಲ್ಲಿ ‘ತಿತ್ತಿರ’ ಎಂಬ ಹೆಸರಿನ ಕಥೆಗಳು ಒಂದಕ್ಕಿಂತ ಹೆಚ್ಚಾಗಿವೆ. ಅವುಗಳಲ್ಲಿ ಒಂದರಲ್ಲಿ, ಬೇಟೆಗಾರನ ಕೈಯಲ್ಲಿ ದೀವವಾಗಿರುವ ಗೌಜಲವೊಂದು ತನ್ನ ಕೂಗಿನಿಂದ ಬಂಧುಗಳು ಸಾವಿಗೆ ಈಡಾಗುವುದನ್ನು ಕಂಡು, ಈ ಪಾಪ ತನಗೆ ಅಂಟುವುದೇ ಎಂದು ತಾಪಸನನ್ನು ಕೇಳುತ್ತದೆ. ಕೊಲ್ಲುವ ಉದ್ದೇಶ ಮನಸ್ಸಿನಲ್ಲಿ ಇಲ್ಲದಿದ್ದರೆ ಪಾಪವಿಲ್ಲವೆಂಬುದು ಅಲ್ಲಿ ದೊರೆಯುವ ಉತ್ತರದ ಸಾರ. ಬೇಟೆಯ ತಿಳಿವಳಿಕೆಯನ್ನು ಸಂಗ್ರಹಿಸುವ ಅಧ್ಯಯನಕ್ಕೂ ಈ ಪ್ರಶ್ನೆ ಅನ್ವಯಿಸುತ್ತದೆ. ಅದನ್ನು ಮುಂದೆ ಚರ್ಚಿಸಲಾಗಿದೆ.

೪. ನೀರಿಗೆ ಬರುವ ಹಕ್ಕಿ

ಮರುಭೂಮಿಯ ಬದುಕಿಗೆ ಹೊಂದಿಕೊಂಡ ಹಕ್ಕಿಗಳಿಗೆ ಸ್ಯಾಂಡ್‌ಗ್ರೌಸ್ ಉತ್ತಮ ನಿದರ್ಶನ. ಇದರ ಆಹಾರ ಬಹುತೇಕ ಒಣಬೀಜ. ಆದ್ದರಿಂದ ದಿನವೂ ನೀರು ಬೇಕು. ಗೂಡು ಮಾತ್ರ ನೀರಿನಿಂದ ದೂರದ ಬಯಲಿನಲ್ಲಿರುತ್ತದೆ, ಏಕೆಂದರೆ ನೀರಿನ ಬಳಿ ವೈರಿಗಳು ಹೆಚ್ಚು. ಕಂದು ಹೊಟ್ಟೆಯ ಜಾತಿ ಸೂರ್ಯೋದಯವಾಗಿ ಎರಡು ಮೂರು ಗಂಟೆ ಕಳೆದ ಮೇಲೆ ಗುಂಪುಗುಂಪಾಗಿ ಕೂಗುತ್ತ ಕೆರೆಗೆ ಬರುತ್ತದೆ. ಚಿತ್ತಾರದ ಜಾತಿ ಬರುವುದು ಕತ್ತಲು ಕವಿಯುವಾಗ ಹಾಗೂ ಬೆಳಕು ಹರಿಯುವ ಮುನ್ನ. ಎರಡೂ ತಮ್ಮ ಹೊತ್ತನ್ನು ತಪ್ಪಿಸುವುದಿಲ್ಲ. ನೀರಿನ ಅಂಚಿಗೆ ನೇರವಾಗಿ ಇಳಿಯದೆ ಸ್ವಲ್ಪ ದೂರದಲ್ಲಿ ಇಳಿದು, ಸುತ್ತ ನೋಡಿ, ನಡೆದು ಬಂದು ಕೆಲವೇ ಗುಟುಕುಗಳಲ್ಲಿ ಕುಡಿದು ಹಾರಿಹೋಗುತ್ತವೆ. ಬೇಟೆಗಾರರು ಕಾಯುತ್ತಿದ್ದುದು ಈ ಗಳಿಗೆಗಾಗಿ. ಎ. ಒ. ಹ್ಯೂಮ್ ಮತ್ತು ಸಿ. ಎಚ್. ಟಿ. ಮಾರ್ಷಲ್ ಅವರು ೧೮೭೯ರಿಂದ ೧೮೮೧ರ ಅವಧಿಯಲ್ಲಿ ಮೂರು ಸಂಪುಟಗಳಲ್ಲಿ ಹೊರತಂದ ಭಾರತದ ಬೇಟೆಹಕ್ಕಿಗಳ ಗ್ರಂಥದಂಥ ವಸಾಹತು ಕಾಲದ ಬರಹಗಳಲ್ಲಿಯೂ ಈ ಹಕ್ಕಿಗಳಿಗೆ ಗಣ್ಯಸ್ಥಾನವಿದೆ.

ಈ ಹಕ್ಕಿಯ ಬದುಕಿನ ಅತ್ಯಂತ ವಿಸ್ಮಯಕರ ಸಂಗತಿ ಬೇಟೆಯ ಕಣ್ಣಿಗೆ ಬೀಳುವಂಥದ್ದಲ್ಲ. ಗೂಡಿನಲ್ಲಿ ಸಾಮಾನ್ಯವಾಗಿ ಮೂರು ಮೊಟ್ಟೆಗಳಿರುತ್ತವೆ. ಹಗಲಿನಲ್ಲಿ ಹೆಣ್ಣು, ರಾತ್ರಿಯಲ್ಲಿ ಗಂಡು ಕಾವು ಕೊಡುತ್ತವೆ. ಮರಿಗಳು ತಾವೇ ಬೀಜ ಹೆಕ್ಕಬಲ್ಲವು, ಆದರೆ ನೀರಿನವರೆಗೆ ಹೋಗಲಾರವು. ಆಗ ಗಂಡು ಹಕ್ಕಿ ನೀರಿಗಿಳಿದು ತನ್ನ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು, ಹಲವು ಕಿಲೋಮೀಟರು ಹಾರಿ ಬಂದು ಮರಿಗಳ ಮುಂದೆ ಎದೆ ನಿಗುರಿಸಿ ನಿಲ್ಲುತ್ತದೆ. ಮರಿಗಳು ಗರಿಯ ನೀರನ್ನು ಚೀಪುತ್ತವೆ. ಇಂಗ್ಲೆಂಡಿನಲ್ಲಿ ಈ ಹಕ್ಕಿಗಳನ್ನು ಸಾಕಿದ್ದ ಮೀಡ್-ವಾಲ್ಡೊ ೧೮೯೬ರಲ್ಲಿ ಇದನ್ನು ವರದಿ ಮಾಡಿದಾಗ ನಂಬಿದವರು ವಿರಳ. ಕೇಡ್ ಮತ್ತು ಮ್ಯಾಕ್ಲೀನ್ ಎಂಬ ವಿದ್ವಾಂಸರು ಆಫ್ರಿಕಾದಲ್ಲಿ ಅಧ್ಯಯನ ನಡೆಸಿ ೧೯೬೭ರಲ್ಲಿ ಪ್ರಕಟಿಸಿದ ಲೇಖನದಿಂದ ಅದು ದೃಢಪಟ್ಟಿತು. ಗರಿಯ ಸೂಕ್ಷ್ಮ ಎಳೆಗಳು ಒಣಗಿದಾಗ ಸುರುಳಿಯಾಗಿದ್ದು, ನೆನೆದಾಗ ಬಿಚ್ಚಿಕೊಂಡು ನೀರನ್ನು ಹಿಡಿದಿಡುವ ಬಗೆಯನ್ನು ಮ್ಯುಲ್ಲರ್ ಮತ್ತು ಗಿಬ್ಸನ್ ೨೦೨೩ರಲ್ಲಿ ವಿವರವಾಗಿ ತೋರಿಸಿದ್ದಾರೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಜನಪದರಿಗೆ ಎಲ್ಲವೂ ಮೊದಲೇ ಗೊತ್ತಿತ್ತು ಎಂಬ ಭಾವುಕ ನಿಲುವು ಶಾಸ್ತ್ರೀಯವಲ್ಲ. ಬೇಟೆಯ ತಿಳಿವಳಿಕೆ ಉದ್ದೇಶದಿಂದ ನಿಯಂತ್ರಿತವಾದದ್ದು. ಹಕ್ಕಿ ಯಾವ ಹೊತ್ತಿಗೆ, ಯಾವ ದಿಕ್ಕಿನಿಂದ, ಎಷ್ಟು ದೂರದಲ್ಲಿ ಇಳಿಯುತ್ತದೆ ಎಂಬುದು ಬೇಟೆಗಾರನಿಗೆ ಬೇಕು. ಅದು ಏನನ್ನು ಹೊತ್ತು ಹಿಂದಿರುಗುತ್ತದೆ ಎಂಬುದು ಅವನಿಗೆ ಬೇಡ. ಜನಪದ ಜ್ಞಾನದ ಆಳವನ್ನು ಗುರುತಿಸುವಂತೆ ಅದರ ಅಂಚನ್ನೂ ಗುರುತಿಸಿದಾಗ ಮಾತ್ರ ಅಧ್ಯಯನ ಸಮತೂಕವಾಗುತ್ತದೆ.

೫. ಅರಮನೆಯ ವಿನೋದ ಮತ್ತು ಬಯಲಿನ ಬದುಕು

ಇದೇ ಹಕ್ಕಿಗಳು ಅರಮನೆಯ ಲೋಕಕ್ಕೂ ಸೇರಿದ್ದವು. ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಇಪ್ಪತ್ತು ವಿನೋದಗಳ ವಿವರಣೆಯಿದೆ. ಅವುಗಳಲ್ಲಿ ಕುಕ್ಕುಟ, ಲಾವಕ, ಪಾರಾವತ, ಶ್ಯೇನ ವಿನೋದಗಳು ಹಕ್ಕಿಗಳಿಗೆ ಸಂಬಂಧಿಸಿದವು. ಲಾವಕ ವಿನೋದ ಎಂದರೆ ಲಾವುಗೆಗಳ ಕಾಳಗ. ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ದಖ್ಖನ್ನಿನ ಒಣಬಯಲಿನ ನಡುವೆಯೇ ಇದೆ ಎಂಬುದನ್ನು ಮರೆಯಬಾರದು. ಅರಸನ ಅಂಗಳದಲ್ಲಿ ಕಾದಾಡಿದ ಲಾವುಗೆಯನ್ನು ಮೊದಲು ಬಯಲಿನಲ್ಲಿ ಹಿಡಿದವರು ಇರಲೇಬೇಕು. ಶಾಸ್ತ್ರಗ್ರಂಥ ವಿನೋದವನ್ನು ದಾಖಲಿಸಿತು. ಹಿಡಿದವರ ತಿಳಿವಳಿಕೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಸಾಗಿತು.

ವಸಾಹತು ಕಾಲದಲ್ಲಿ ಈ ಅಂತರ ಇನ್ನಷ್ಟು ಕಟುವಾಯಿತು. ಬಂದೂಕು ಹಿಡಿದ ಅಧಿಕಾರಿಯ ಬೇಟೆ ‘ಶಿಕಾರಿ’ಯೆನಿಸಿ ಗೌರವ ಪಡೆಯಿತು. ಉರುಳು ಹಿಡಿದವನು ಶಂಕಿತನಾದ. ೧೮೭೧ರಲ್ಲಿ ಮೊದಲು ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿ ಮಾಡಲು ಅವಕಾಶ ಕಲ್ಪಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಇಂಥ ಸಮುದಾಯಗಳನ್ನು ತಂತಿಬೇಲಿಯೊಳಗೆ ಇರಿಸಿದ ನೆನಪನ್ನು ‘ಸೆಟ್ಲಮೆಂಟ್’ ಎಂಬ ಸ್ಥಳನಾಮ ಇಂದಿಗೂ ಹೊತ್ತಿದೆ. ೧೯೫೨ರಲ್ಲಿ ಕಾಯ್ದೆ ರದ್ದಾಯಿತು. ಕಳಂಕ ಅಷ್ಟು ಬೇಗ ಅಳಿಯಲಿಲ್ಲ.

೬. ಕಾನೂನು, ತಿಳಿವಳಿಕೆ ಮತ್ತು ಸಂಗ್ರಾಹಕನ ಹೊಣೆ

೧೯೭೨ರ ವನ್ಯಜೀವಿ ಸಂರಕ್ಷಣಾ 
ಕಾಯ್ದೆ ಬೇಟೆಯನ್ನು ಪರವಾನಗಿಯ ಕಟ್ಟಿಗೆ ಒಳಪಡಿಸಿತು. ೧೯೯೧ರ ತಿದ್ದುಪಡಿಯ ನಂತರ ಕಾಯ್ದೆಯ ಪಟ್ಟಿಗೆ ಸೇರಿದ ಹಕ್ಕಿಗಳ ಬೇಟೆ ಸಂಪೂರ್ಣವಾಗಿ ನಿಷಿದ್ಧವಾಯಿತು. ಹಕ್ಕಿಗಳ ಸಂಖ್ಯೆ ಕುಸಿದಿದ್ದ ಕಾಲದಲ್ಲಿ ಇದು ಅಗತ್ಯವಾದ ಕ್ರಮವೇ ಆಗಿತ್ತು. ಎರೆಭೂತದ ಸ್ಥಿತಿಯನ್ನು ನೋಡಿದರೆ ಈ ಮಾತು ಮನದಟ್ಟಾಗುತ್ತದೆ. ರಾಷ್ಟ್ರಪಕ್ಷಿಯ ಆಯ್ಕೆಯ ಸಂದರ್ಭದಲ್ಲಿ ಸಲೀಂ ಅಲಿ ಅವರು ಈ ಹಕ್ಕಿಯ ಪರವಾಗಿದ್ದರು. ಆಯ್ಕೆಯಾದದ್ದು ನವಿಲು. ಇಂದು ದೇಶದಲ್ಲಿ ಉಳಿದಿರುವ ಎರೆಭೂತಗಳು ನೂರೈವತ್ತಕ್ಕಿಂತ ಕಡಿಮೆಯೆಂದು ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಬಯಲಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಕಂಡುಬಂದಿವೆ. ಹೆಣ್ಣು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಅದನ್ನು ಕಳೆದುಕೊಂಡರೆ ಆ ಋತುವೇ ವ್ಯರ್ಥವಾಗಬಹುದು.

ಆದರೆ ಕಾನೂನಿನ ಇನ್ನೊಂದು ಪರಿಣಾಮವನ್ನು ಜಾನಪದ ಅಧ್ಯಯನ ಕಡೆಗಣಿಸುವಂತಿಲ್ಲ. ಬೇಟೆಯನ್ನು ಬಿಟ್ಟ ಸಮುದಾಯಗಳು ಅದರ ಮಾತನ್ನೂ ಬಿಟ್ಟವು. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಂಥ ವಸತಿಗಳಲ್ಲಿ ನೆಲೆನಿಂತ ಹಕ್ಕಿಪಿಕ್ಕಿಗಳು ಗಿಡಮೂಲಿಕೆ, ಕೇಶತೈಲ, ಬಣ್ಣದ ಹೂಗಳ ಮಾರಾಟಕ್ಕೆ ತೊಡಗಿದರು. ಅವರಲ್ಲಿ ಅನೇಕರು ಆಫ್ರಿಕಾದ ದೇಶಗಳವರೆಗೂ ವ್ಯಾಪಾರಕ್ಕೆ ಹೋಗುತ್ತಾರೆಂಬುದು ೨೦೨೩ರ ಸುಡಾನ್ ಯುದ್ಧದ ಸಂದರ್ಭದಲ್ಲಿ ನಾಡಿಗೆಲ್ಲ ತಿಳಿಯಿತು. ವೃತ್ತಿ ಬದಲಾದದ್ದು ವಿಷಾದದ ಸಂಗತಿಯಲ್ಲ. ಆದರೆ ದೀವದ ಹಕ್ಕಿಯನ್ನು ಪಳಗಿಸುವ ಬಗೆ, ಕೂಗಿನ ಭೇದ, ಹೆಜ್ಜೆಯ ಗುರುತು ಇವುಗಳ ಬಗ್ಗೆ ಕೇಳಿದರೆ ಅದು ಅಪರಾಧದ ಒಪ್ಪಿಗೆಯಂತೆ ತೋರುವ ಸ್ಥಿತಿ ನಿರ್ಮಾಣವಾಗಿದೆ. ಹಿರಿಯರು ಮೌನವಾಗಿರುವುದು ಸಹಜ.

ಜಾತಕದ ದೀವದ ಹಕ್ಕಿಯ ಪ್ರಶ್ನೆ ಇಲ್ಲಿಗೆ ಪ್ರಸ್ತುತವಾಗುತ್ತದೆ. ಸಂಗ್ರಾಹಕನ ಉದ್ದೇಶ ಶುದ್ಧವಾಗಿದ್ದರೆ ಸಾಲದು. ವಕ್ತೃವಿನ ಹೆಸರು, ಊರು, ಉಪಕರಣದ ವಿವರಗಳನ್ನು ಒಟ್ಟಿಗೆ ಅಚ್ಚು ಮಾಡಿದ ಪುಸ್ತಕ ನಾಳೆ ಆ ವ್ಯಕ್ತಿಯ ವಿರುದ್ಧ ಸಾಕ್ಷ್ಯವಾಗಬಹುದು. ಅಪರೂಪದ ಹಕ್ಕಿಯ ಗೂಡಿನ ನೆಲೆಯನ್ನು ನಿಖರವಾಗಿ ಬರೆದ ಲೇಖನ ಕಳ್ಳಬೇಟೆಗೆ ದಾರಿಯಾಗಬಹುದು. ಆದ್ದರಿಂದ ಈ ಕ್ಷೇತ್ರದಲ್ಲಿ ಹೆಸರುಗಳನ್ನು ಮರೆಮಾಡುವುದು, ಸಮುದಾಯದ ಒಪ್ಪಿಗೆ ಪಡೆಯುವುದು, ಬಲೆಯ ತಯಾರಿಕೆಗಿಂತ ಅದರ ಹಿಂದಿರುವ ನಡವಳಿಕೆಯ ಅರಿವಿಗೆ ಒತ್ತು ಕೊಡುವುದು ಅಧ್ಯಯನದ ಶಿಸ್ತಿನ ಭಾಗವೇ ಆಗಬೇಕು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವೂ ಸೇರಿದಂತೆ ನಾಡಿನ ಸಂಗ್ರಹಾಲಯಗಳು ದುಡಿಮೆಯ ಪರಿಕರಗಳನ್ನು ಉಳಿಸಿಕೊಟ್ಟಿವೆ. ಪರಿಕರದ ಹೆಸರಿನ ಜೊತೆಗೆ ಅದು ಯಾವ ಹಕ್ಕಿಯ ಯಾವ ನಡವಳಿಕೆಯನ್ನು ಆಧರಿಸಿದೆ ಎಂಬುದನ್ನೂ ದಾಖಲಿಸಿದರೆ ಆ ಸಂಗ್ರಹ ಪೂರ್ಣವಾಗುತ್ತದೆ.

೭. ‘ಬೀಳು’ ಎಂಬ ಮಾತು

ಬೇಟೆ ನಿಂತರೂ ಹಕ್ಕಿಗಳು ಹೆಚ್ಚಲಿಲ್ಲ. ಕಾರಣ ನೆಲದಲ್ಲಿದೆ. ಕಂದಾಯದ ಭಾಷೆಯಲ್ಲಿ ಉಳುಮೆಯಿಲ್ಲದ ಬಯಲಿಗೆ ‘ಬೀಳು’, ‘ಬಂಜರು’, ‘ಖರಾಬು’ ಎಂಬ ಹೆಸರುಗಳಿವೆ. ಇವು ನೆಲದಿಂದ ಬರುವ ಆದಾಯವನ್ನು ಕುರಿತ ಮಾತುಗಳೇ ಹೊರತು ನೆಲದ ಮೇಲಿನ ಬದುಕನ್ನು ಕುರಿತವಲ್ಲ. ಬೀಳೆಂದು ಕರೆದ ನೆಲ ಯಾವುದಕ್ಕೆ ಬೇಕಾದರೂ ಒದಗುತ್ತದೆ. ೧೯೭೪ರಲ್ಲಿ ಸ್ಥಾಪಿತವಾದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಎರೆಭೂತವೂ ಇತ್ತು. ಅಲ್ಲಿಯ ಬಯಲಿನ ಹೆಚ್ಚಿನ ಭಾಗ ನೀಲಗಿರಿ ತೋಪಾಯಿತು. ಮರ ನೆಟ್ಟರೆ ಹಸಿರು ಹೆಚ್ಚಿತೆಂದು ತಿಳಿಯುವ ಕಣ್ಣಿಗೆ, ಮರವಿಲ್ಲದ ಬಯಲೇ ಒಂದು ಹಕ್ಕಿಯ ಮನೆಯೆಂಬುದು ಕಾಣುವುದಿಲ್ಲ.

ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯಿಂದ ಬೆಳೆದು, ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂದು ಹೆಸರಾದ ದನಗಳ ವ್ಯವಸ್ಥೆಗಾಗಿ ಮೀಸಲಾದ ಕಾವಲುಗಳು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದವು. ದನಗಳಿಗಾಗಿ ಕಾದ ಹುಲ್ಲು ಹಕ್ಕಿಗಳನ್ನೂ ಕಾದಿತು. ಸ್ವಾತಂತ್ರ್ಯಾನಂತರ ಈ ಕಾವಲುಗಳ ವಿಸ್ತೀರ್ಣ ಬಹಳ ಕುಗ್ಗಿದೆ. ಚಳ್ಳಕೆರೆಯ ಕಾವಲಿನಲ್ಲಿ ೨೦೦೮ರ ನಂತರದ ವರ್ಷಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳಿಗೆ ಹಂಚಿಕೆಯಾಯಿತು. ದನಗಾಹಿ, ಕುರಿಗಾಹಿಗಳ ಹಕ್ಕಿನ ಪ್ರಶ್ನೆಯೂ ಹುಲ್ಲುಗಾವಲಿನ ಪ್ರಶ್ನೆಯೂ ಒಂದೇ ಎಂಬುದು ಅಲ್ಲಿಯ ಹೋರಾಟದಲ್ಲಿ ಸ್ಪಷ್ಟವಾಯಿತು.

ಇದೇ ಪ್ರಕ್ರಿಯೆ ಬೆಂಗಳೂರಿನಲ್ಲಿ ಇನ್ನೂ ಮೊದಲೇ ನಡೆಯಿತು. ೧೯೪೦ರ ದಶಕದ ಕೊನೆಯಲ್ಲಿ ಕೈಗಾರಿಕಾ ಉಪನಗರವಾಗಿ ರೂಪುಗೊಂಡು ಸಿ. ರಾಜಗೋಪಾಲಾಚಾರಿಯವರ ಹೆಸರು ಪಡೆದ ರಾಜಾಜಿನಗರ, ಅದರ ಬೆನ್ನಿಗೆ ಬೆಳೆದ ಬಡಾವಣೆಗಳು ಹೊಲ, ಕೆರೆಯಂಗಳ, ಕುರುಚಲುಗಳನ್ನು ಒಳಗೊಂಡವು. ಆದರೂ ಎಲ್ಲವೂ ಮುಗಿದಿಲ್ಲ. ಕೆಂಗೇರಿಯ ಕಡೆಯ ಜ್ಞಾನಭಾರತಿ ಆವರಣ, ತುರಹಳ್ಳಿಯ ಕುರುಚಲು ಕಾಡುಗಳಲ್ಲಿ ಗೌಜಲದ ಕೂಗು ಕೇಳಿಬರುತ್ತದೆ. ನಗರದ ವಾಯವ್ಯಕ್ಕಿರುವ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಮೀಸಲು ಪ್ರದೇಶವಾಗಿಸುವ ಪ್ರಸ್ತಾವಕ್ಕೆ ದೀರ್ಘಕಾಲದ ಬೇಡಿಕೆಯ ನಂತರ ೨೦೨೪ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಐದು ಸಾವಿರ ಎಕರೆಗೂ ಮಿಕ್ಕ ಆ ನೆಲವನ್ನು ಬೀಳೆಂದಲ್ಲದೆ ಹುಲ್ಲುಗಾವಲೆಂದೇ ಗುರುತಿಸಿದ್ದು ಭಾಷೆಯ ದೃಷ್ಟಿಯಿಂದಲೂ ಮಹತ್ವದ ಬದಲಾವಣೆ.

ಸಮಾರೋಪ

ಒಣನೆಲದ ಬೇಟೆಹಕ್ಕಿಗಳನ್ನು ಕುರಿತ ಜನಪದ ತಿಳಿವಳಿಕೆ ಮೂರು ನೆಲೆಗಳಲ್ಲಿ ಉಳಿದಿದೆ: ಹಕ್ಕಿಯ ಹೆಸರಿನಲ್ಲಿ, ಅದನ್ನು ಹಿಡಿಯುವ ಉಪಕರಣದಲ್ಲಿ, ಅದು ಬಾಳುವ ನೆಲದ ಹೆಸರಿನಲ್ಲಿ. ಹೆಸರು ನೆಲೆಯನ್ನು ಹೇಳುತ್ತದೆ, ಉಪಕರಣ ನಡವಳಿಕೆಯನ್ನು ಹೇಳುತ್ತದೆ, ಸ್ಥಳನಾಮ ಕಳೆದುಹೋದದ್ದನ್ನು ಹೇಳುತ್ತದೆ. ಇವು ಮೂರನ್ನೂ ಒಟ್ಟಿಗೆ ಓದುವ ಕೆಲಸ ತಾಲ್ಲೂಕುವಾರು ನಡೆಯಬೇಕಾಗಿದೆ. ಯಾವ ಊರಿನಲ್ಲಿ ಯಾವ ಹಕ್ಕಿಗೆ ಯಾವ ಹೆಸರು, ಅದು ಎರೆಯದೋ ಮಸಾರಿಯದೋ, ಯಾವ ಋತುವಿನಲ್ಲಿ ಅದರ ಕೂಗು ಎಂಬ ವಿವರಗಳನ್ನು ಬಲ್ಲ ಬೇಟೆಗಾರರು, ಕುರಿಗಾಹಿಗಳು, ಹೊಲದ ಕೂಲಿಕಾರರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಬಹುಪಾಲು ವಯೋವೃದ್ಧರು.

ಕೊಲ್ಲುವುದಕ್ಕಾಗಿ ಗಳಿಸಿದ ತಿಳಿವಳಿಕೆ ಕಾಯುವುದಕ್ಕೂ ಒದಗಬಲ್ಲದು. ಗೂಡು ಎಲ್ಲಿರಬಹುದು, ಹಕ್ಕಿ ಯಾವ ಹೊತ್ತಿಗೆ ನೀರಿಗೆ ಬರುತ್ತದೆ, ಯಾವ ಬಯಲನ್ನು ಅದು ಬಿಟ್ಟುಹೋಗಿದೆ ಎಂಬುದನ್ನು ಅದನ್ನು ಹಿಡಿದವರಷ್ಟು ಚೆನ್ನಾಗಿ ಬಲ್ಲವರು ವಿರಳ. ಆ ಜನರನ್ನು ಶಂಕಿತರ ಸಾಲಿನಿಂದ ಬಲ್ಲವರ ಸಾಲಿಗೆ ಕರೆತರುವುದು ಜಾನಪದ ಅಧ್ಯಯನದ ಮುಂದಿರುವ ಹೊಣೆ. ಇಲ್ಲವಾದರೆ ಶ್ರೀಗಂಧದ ಕಾವಲಿನಲ್ಲಿ ಆದಂತೆ ಹೆಸರು ಮಾತ್ರ ಉಳಿದೀತು. ಗೌಜಲ, ಎರೆಭೂತಗಳ ಮಟ್ಟಿಗೆ ಅದೂ ಉಳಿಯದೆ ಹೋದೀತು.